ಉಗಿಮನೆಯ ಭೀಮಶಾ

ಭೀಮಶಾ ದಿನಕ್ಕೊಂದು ಸಲ ಹತ್ತು ಸಾವಿರ ಲೀಟರ್ ಜೀವ ಬೇಯಿಸುತ್ತಿದ್ದ. ಎಂಟು ವರ್ಷದಿಂದ ಅದೇ ಕೆಲಸ. ವಾಡಿಗೂ ಶಹಾಬಾದಿಗೂ ನಡುವೆ ಇರುವ ಆ ಕಾರ್ಖಾನೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಉಣ್ಣಿಸಿ, ಕೋಳಿ ಮೇವಿಗೆ ಬೆರೆಸುವ ಒಂದು ಪುಡಿ ತೆಗೆಯುತ್ತಾರೆ. ಪುಡಿ ತೆಗೆದ ಮೇಲೆ ಉಳಿಯುವ ರಾಡಿಯಲ್ಲಿ ಆ ಹುಳಗಳು ಇನ್ನೂ ಜೀವಂತ ಇರುತ್ತವೆ. ಮನುಷ್ಯರು ತಿದ್ದಿದ ಹುಳಗಳು. ಹಾಗೇ ಹಳ್ಳಕ್ಕೆ ಬಿಡುವಂತಿಲ್ಲ. ದೊಡ್ಡ ಟ್ಯಾಂಕಿಗೆ ತುಂಬಿ, ಉಗಿ ಬಿಟ್ಟು, ನೂರಾ ಇಪ್ಪತ್ತೊಂದು ಡಿಗ್ರಿಯಲ್ಲಿ ಅರ್ಧ ತಾಸು ಇಟ್ಟು ಕೊಲ್ಲಬೇಕು. ಕೊಲ್ಲುವವನು ಭೀಮಶಾ.

"ಏನಪಾ ಯಮರಾಜ, ಇವತ್ತ ಎಷ್ಟ ಕೋಟಿ?" ಎಂದು ಫಿಟ್ಟರ್ ಮಜೀದಸಾಬ ದಿನಾ ಕೇಳುತ್ತಿದ್ದ.

"ಬಾ, ನೀನs ಎಣಿಸು," ಎಂದು ಇವನೂ ದಿನಾ ಹೇಳುತ್ತಿದ್ದ.

ಉಗಿ ಅವನಿಗೆ ಮನೆಯಿಂದ ಬಂದದ್ದು. ಅಪ್ಪ ಶಂಕರಲಿಂಗ ವಾಡಿ ಜಂಕ್ಷನ್ನಿನಲ್ಲಿ ಉಗಿಬಂಡಿಗೆ ಕಲ್ಲಿದ್ದಲು ಎರಚಿದವ. "ಮೀಟರ್ ಸುಳ್ಳ ಹೇಳತದ, ಕಬ್ಬಿಣ ಹೇಳಂಗಿಲ್ಲ," ಎನ್ನುತ್ತಿದ್ದ. ಅದು ಖರೆ. ಈ ಕಡೆಯ ನೀರು ಸುಣ್ಣದ ನೀರು. ಟ್ಯಾಂಕಿನ ಕೆಳಗೆ ಕೊಳವೆ ಬಾಗುವಲ್ಲಿ ಟ್ರ್ಯಾಪ್ ಇದೆ. ಉಗಿ ತಣಿದು ಆಗುವ ನೀರನ್ನು ಬಸಿದು ಹಾಕುವುದು ಅದರ ಕೆಲಸ. ಮಜೀದಸಾಬ ವಾರಕ್ಕೊಮ್ಮೆ ತೊಳೆದರೂ ಒಮ್ಮೊಮ್ಮೆ ಎರಡೇ ದಿನದಲ್ಲಿ ಸುಣ್ಣ ಕಟ್ಟುತ್ತದೆ. ಕಟ್ಟಿ ಅದು ಮುಚ್ಚಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ, ಉಗಿ ಕೆಳಗಿನ ತನಕ ಇಳಿಯುವುದಿಲ್ಲ. ಮೇಲೆ ಮೀಟರಿನಲ್ಲಿ ಎಲ್ಲ ಸರಿ. ಕೆಳಗೆ ತಣ್ಣನೆಯ ಬಾಗಿನಲ್ಲಿ ಹುಳ ಆರಾಮ ಕುಂತಿರುತ್ತದೆ. ಅದಕ್ಕೇ ದಿನಾ ಬಗ್ಗಿ, ಬಾಗಿಗೆ ಅಂಗೈಯ ಹಿಂಭಾಗ ಒಮ್ಮೆ ತಾಗಿಸಿ ಎಳೆದುಕೊಂಡು, 'ಬಿಸಿ' ಎಂದು ವಹಿಯಲ್ಲಿ ಬರೆಯಬೇಕು. ಆ ಕೈಗಾಗಿಯೇ ಅವನನ್ನು ಅಲ್ಲಿ ಇಟ್ಟಿದ್ದರು.

ಆ ಕೈ ಹೋಗಿ ಒಂದು ವರ್ಷವಾಗಿತ್ತು.

ಹೋದದ್ದು ಗೊತ್ತಾದದ್ದು ಹಂಚಿನ ಮುಂದೆ. ರೊಟ್ಟಿ ಎತ್ತಿಕೊಂಡು ಹಿಡಿದೇ ಕುಂತಿದ್ದ. "ಬಿಡ್ರೀ, ಕೈ ಸುಡಾಕತ್ತದ!" ಎಂದು ಹೆಂಡತಿ ಶಿವಕಾಂತಮ್ಮ ಕೂಗಿದಳು. ಸಂಜೆಗೆ ನಾಲ್ಕು ಬೆರಳಿಗೂ ಬೊಬ್ಬೆ. ಶಹಾಬಾದಿನ ಡಾಕ್ಟರು ಸೂಜಿಯಿಂದ ಚುಚ್ಚಿ ಚುಚ್ಚಿ ಕೇಳಿ, "ಸಕ್ಕರಿ ಬ್ಯಾನಿಗೆ ನರ ಸತ್ತಾವ," ಎಂದರು. ಪಾದ ಮೊದಲೇ ಹೋಗಿತ್ತಂತೆ, ಇವನಿಗೇ ತಿಳಿದಿರಲಿಲ್ಲ. ಕಾರ್ಖಾನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಉಗಿಮನೆ ಹೋಗುತ್ತದೆ. ಅದನ್ನು ಬಿಟ್ಟು ಅವನಿಗೆ ಇನ್ನೇನೂ ಬರುವುದಿಲ್ಲ. ದಿನಾ ಬಗ್ಗಿದ, ತಾಗಿಸಿದ, ಎಳೆದುಕೊಂಡ, 'ಬಿಸಿ' ಎಂದು ಬರೆದ. ಮೊದಮೊದಲು ಹೆದರಿಕೆ ಆಗುತ್ತಿತ್ತು. ಆಮೇಲೆ ಅದೂ ಆಗಲಿಲ್ಲ.

ಲ್ಯಾಬಿನ ಶ್ರುತಿ ಚಿಂಚೋಳಿ ಕಡೆಯ ಹುಡುಗಿ. ಅವಳ ಗೋಡೆಯ ಮೇಲೆ ಗೆರೆಗಳ ದೊಡ್ಡ ನಕಾಶೆ ಇತ್ತು. ಏನದು ಎಂದು ಭೀಮಶಾ ಒಂದು ಸಲ ಕೇಳಿದ್ದ.

"ಹುಳದ ಹೊಟ್ಟಿ ಕಾಕಾ. ನಿಮ್ಮ ವಾಡಿ ಟೇಶನ್ ಇದ್ದಂಗ. ಕಾಕಂಬಿ ರಾಯಚೂರ ಕಡಿಂದ ಬಂತು ಅನಕೋರಿ. ಸೊಲ್ಲಾಪುರ ಲೈನ್ ನಾವು ಬಂದ್ ಮಾಡೀವಿ. ಎಲ್ಲಾ ಡಬ್ಬಿ ಚಿತ್ತಾಪುರ, ಸೇಡಂ ಲೈನಿಗೇ ಹೋಗಬೇಕು. ಅಲ್ಲಿ ನಮ್ಮ ಪುಡಿ ಆಗತದ."

"ಸೊಲ್ಲಾಪುರಕ್ಕ ಹೋಗೋ ಮಂದಿ ಏನ್ ಮಾಡಬೇಕ್ರೀ ಮತ್ತ?"

ಶ್ರುತಿ ನಕ್ಕಳು. "ಹುಳಕ್ಕ ತನ್ನ ಮೈ ಬೆಳಸಾಕ ಬೇಕಾದ ಒಂದು ಸಾಮಾನು ಆ ಲೈನಿನ್ಯಾಗ ತಯಾರಾಗತಿತ್ತು. ಈಗ ಅದನ್ನ ನಾವs ಹೊರಗಿನಿಂದ ಚೂರು ಚೂರು ಹಾಕತೀವಿ. ಇಲ್ಲಂದ್ರ ಸಾಯತದ. ಸುಮ್ಮ ಒಂದು ಲೈನ್ ಮುಚ್ಚಿದ್ರ ಎಲ್ಲೆಲ್ಲೋ ಗಾಡಿ ನಿಲ್ಲತಾವ. ಅದಕ್ಕ ಮೊದಲು ಕಂಪ್ಯೂಟರಿನ್ಯಾಗ ಇಡೀ ಟೇಶನ್ನೇ ನಡಸಿ ನೋಡತೀವಿ."

"ಹಾಕಿದ್ದು ತಿಂದು, ಹೇಳಿದ್ದು ಮಾಡಿ, ನನ್ನ ಕಡೆ ಬರತಾವ," ಎಂದಿದ್ದ ಭೀಮಶಾ. ನಗಲೆಂದು ಹೇಳಿದ್ದು. ಈ ಸಲ ಶ್ರುತಿ ನಗಲಿಲ್ಲ.

ಹೋದ ಶ್ರಾವಣದ ಒಂದು ಗುರುವಾರ ಅದೇ ಶ್ರುತಿ ಗಾಜಿನ ತಟ್ಟೆ ಹಿಡಿದುಕೊಂಡು ಉಗಿಮನೆಗೆ ಬಂದಳು. ತಟ್ಟೆಯ ತುಂಬ ಬಿಳಿ ಚುಕ್ಕೆ, ಜೋಳದ ಹಿಟ್ಟು ಉದುರಿದ ಹಾಗೆ.

"ನಿನ್ನಿ ಟ್ಯಾಂಕಿಂದು ಕಾಕಾ. ಹುಳ ಸತ್ತಿಲ್ಲ."

ನೀರು ಹೊರಗೆ ಹೋಗಿರಲಿಲ್ಲ. ತಪಾಸಣೆ ಮುಗಿಯುವ ತನಕ ಇನ್ನೊಂದು ಟ್ಯಾಂಕಿನಲ್ಲಿ ತಡೆದಿಡುವುದು ರೂಢಿ. ಮತ್ತೊಮ್ಮೆ ಬೇಯಿಸಿದರೆ ಮುಗಿಯಿತು. ಆದರೆ ತಪ್ಪು ಒಬ್ಬರ ತಲೆಗೆ ಬೀಳಬೇಕಲ್ಲ! ಶಿಫ್ಟಿನ ಸಾಹೇಬ ರಮೇಶಕುಮಾರ ಬಂದು ಟ್ರ್ಯಾಪ್ ಬಿಚ್ಚಿಸಿದ. ಒಳಗೆ ಸುಣ್ಣ ಗಚ್ಚಿನ ಹಾಗೆ ಕಟ್ಟಿತ್ತು.

"ಭೀಮಶಾ ಮುಟ್ಟಿ 'ಬಿಸಿ' ಅಂತ ಬರದಾನ. ಅಂದ್ರ ಅವ ಆ ಕಡೆ ಹೋದ ಮ್ಯಾಲ ಕಟ್ಟೇದ. ನೀ ನೆಟ್ಟಗ ತೊಳದಿದ್ರ ಕಟ್ಟತಿರಲಿಲ್ಲ ಮಜೀದಸಾಬ. ನಾಳಿಂದ ಬರಬ್ಯಾಡ."

"ಸೋಮವಾರ ತೊಳದೀನ್ರೀ ಸಾಹೇಬ್ರ, ಖುದಾನಾಣಿ! ಲ್ಯಾಬಿನ ತಟ್ಟೀನs ಹೊಲಸ ಇರಬೇಕು. ಭೀಮಶಾನ ಕೈ ಎಂದಾರ ಸುಳ್ಳ ಹೇಳ್ಯಾದ ಏನು? ಕೇಳ್ರಿ ಅವನ್ನ!"

ಎಲ್ಲರೂ ಇವನ ಕಡೆ ತಿರುಗಿದರು. ಶ್ರುತಿಯ ಕೊರಳಪಟ್ಟಿಗೆ ಸಿಕ್ಕಿಸಿದ್ದ ಪಿನ್ನು ಕಣ್ಣಿಗೆ ಬಿತ್ತು.

"ಅದನ್ನ ಕೊಡ್ರಿ ಮೇಡಂ."

ಇಸಿದುಕೊಂಡು ತನ್ನ ತೋರುಬೆರಳಿಗೆ ಚುಚ್ಚಿದ. ಪಿನ್ನು ಅರ್ಧ ಒಳಗೆ ಹೋಯಿತು. ರಕ್ತ ಬಂತು. ಬೇರೆಯವರ ಬೆರಳು ನೋಡಿದಂತೆ ನೋಡಿದ.

"ಕೈ ಸತ್ತಾವ್ರೀ ಸಾಹೇಬ್ರ. ವರ್ಷ ಆತು. ನಿನ್ನಿ ಮುಟ್ಟೀನಿ, ಬಿಸಿನೋ ತಂಪೋ ತಿಳದಿಲ್ಲ. ದಿನಾ ಬರದಂಗ ಬರದೀನಿ. ಮಜೀದನ ತಪ್ಪಿಲ್ಲ."

ಸಿಟ್ಟಿಗೆದ್ದವನು ಮಜೀದಸಾಬ. "ನನಗರೇ ಹೇಳಬಾರದೇನೋ ಭಾಡ್ಯಾ! ನಾ ಮುಟ್ಟತಿದ್ದಿಲ್ಲೇನು ನಿನ್ನ ಬದಲಿ? ಎಂಟ ವರ್ಷ ಕೂಡಿ ಚಾ ಕುಡದೀವಿ!" ಎಂದು ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಬಿಸಾಕಿದ. ಅದರ ಸದ್ದು ಭೀಮಶಾನಿಗೆ ಎಲ್ಲೋ ದೂರದಲ್ಲಿ ಕೇಳಿದಂತಾಯಿತು.

ಮಜೀದಸಾಬ ಉಳಿದ. ಭೀಮಶಾನನ್ನು ಲಾರಿ ಗೇಟಿಗೆ ಹಾಕಿದರು. ಕಂಬಿ ಎತ್ತುವುದು, ಇಳಿಸುವುದು. ಉಗಿಮನೆಗೆ ರಾವೂರಿನ ಬೀರೇಶ ಬಂದ. ಅವನಿಗೆ ಕೆಲಸ ತೋರಿಸಿ ಹೋಗು ಎಂದು ಒಂದು ದಿನ ಕರೆಸಿದರು.

ಬೀರೇಶ ಬಗ್ಗಿ ಬಾಗನ್ನು ಮುಟ್ಟಿ, "ಅವ್ವಯ್ಯವ್ವಾ!" ಎಂದು ಹಾರಿದ. ಮಜೀದಸಾಬ ನಕ್ಕ. ಭೀಮಶಾ ಮೊಣಕಾಲೂರಿ ಕುಂತು, ಕಬ್ಬಿಣಕ್ಕೆ ತಾಗದ ಹಾಗೆ ಕೆನ್ನೆ ಹತ್ತಿರ ಒಯ್ದ. ಗಡ್ಡದ ನಡುವೆ ಚುರ್ ಎಂದಿತು. ಇನ್ನೂ ಸ್ವಲ್ಪ ಹೊತ್ತು ಹಾಗೇ ಇದ್ದ.

"ಬಿಸಿ ಅದ," ಎಂದ.

ಬೀರೇಶ ಆಗಲೇ ಬರೆದು ಮುಗಿಸಿದ್ದ.