ನೆಲದ ಪಾಲು

ಅಂಕಲ್‌ರ ಬಲಗೈಯ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಏರ್‌ಪೋರ್ಟಿನಲ್ಲಿ ಲಗೇಜು ಎಳೆಯುವ ಗಾಡಿಗಳನ್ನು ರಿಪೇರಿ ಮಾಡುವ ಕೆಲಸ ಅವರದು. ಮಿಕ್ಕ ಅರ್ಧವನ್ನು ಯಾವುದೋ ಗಾಡಿಯ ಫ್ಯಾನ್ ಬೆಲ್ಟ್ ತಿಂದಿತ್ತು. ಆ ಮೋಟು ಬೆರಳಿನಿಂದಲೇ ದಾರಿ ತೋರಿಸುತ್ತಿದ್ದರು, ಗಲಾಟೆ ಮಾಡುವ ಮಕ್ಕಳನ್ನು ಗದರಿಸುತ್ತಿದ್ದರು. ಬಂದೂಕು ಹಾರಿಸಲು ಮಾತ್ರ ನಡುಬೆರಳನ್ನು ಪಳಗಿಸಿಕೊಂಡಿದ್ದರು.

ಟೆಕ್ಸಾಸಿನ ಫ್ಲವರ್ ಮೌಂಡ್ ಎಂಬ ಊರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ನಮ್ಮ ಬೀದಿಯ ಕನ್ನಡದವರೆಲ್ಲ ನನ್ನ ಹಾಗೆ ಲ್ಯಾಪ್‌ಟಾಪ್ ಹೊತ್ತು ಪ್ಲೇನೋದ ಆಫೀಸುಗಳಿಗೆ ಹೋಗಿಬರುವವರು, ಅರ್ಧಕ್ಕರ್ಧ ಮಂದಿ ಮೊಟ್ಟೆಯನ್ನೂ ಮುಟ್ಟದವರು. ಬೇಟೆಗಾರರೆಂದರೆ ಅಂಕಲ್ ಒಬ್ಬರೇ. ಗಣೇಶನ ಹಬ್ಬದಲ್ಲಿ ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್‌ನಲ್ಲಿ ಅವರ ಪಕ್ಕ ಕೂರಲು ಕೆಲವರು ಹಿಂದೆಮುಂದೆ ನೋಡುತ್ತಿದ್ದರು. ಅಂಕಲ್‌ಗೆ ಅದು ಗೊತ್ತಿತ್ತು. ಬೇಕೆಂದೇ ಅಂಥವರ ಪಕ್ಕದಲ್ಲೇ ಹೋಗಿ ಕೂತು, "ಚಿತ್ರಾನ್ನ ಬಹಳ ಚೆನ್ನಾಗಿದೆ ಕಣ್ರೀ, ಎಷ್ಟು ದೂರದಿಂದ ಹೊಡೆದ್ರಿ?" ಎಂದು ಕೇಳುತ್ತಿದ್ದರು.

ಟೆಕ್ಸಾಸಿನಲ್ಲಿ ಕಣ್ಣು ಹಾಯುವಷ್ಟು ಬಯಲಿದೆ. ಆದರೆ ಹೆಚ್ಚುಕಡಿಮೆ ಎಲ್ಲವೂ ಯಾರದೋ ಸ್ವಂತದ್ದು. ನೆಲದ ಯಜಮಾನ ಒಪ್ಪದೆ ಅಲ್ಲಿ ಕಾಲಿಡುವಂತಿಲ್ಲ. ಮೂರು ಗಂಟೆ ದೂರದ, ದನ ಸಾಕುವ ಒಂದು ರ‍್ಯಾಂಚಿನಲ್ಲಿ ಯಜಮಾನನ ನೀರಿನ ಪಂಪು ಕೆಟ್ಟಾಗ ಅಂಕಲ್ ಸರಿಮಾಡಿಕೊಟ್ಟಿದ್ದರಂತೆ. ಆತ ಅದಕ್ಕೆ ಪ್ರತಿಯಾಗಿ, ಬಂದು ಬೇಟೆಯಾಡಿಕೋ ಎಂದಿದ್ದ. ಕಾಗದವಿಲ್ಲ, ಸಹಿಯಿಲ್ಲ. ಅಲ್ಲಿಂದ ಇಪ್ಪತ್ತಾರು ವರ್ಷ, ನವೆಂಬರಿಗೊಂದು ಜಿಂಕೆ. ಕಾನೂನು ಇನ್ನೂ ಹೆಚ್ಚಿಗೆ ಬಿಡುತ್ತಿತ್ತು, ಅಂಕಲ್ ಬಿಡುತ್ತಿರಲಿಲ್ಲ.

ಅವರದೊಂದು ಕ್ರಮವಿತ್ತು. ಪ್ರತಿ ವರ್ಷವೂ ಹೊಸದಾಗಿ ಯಜಮಾನನ ಬಾಗಿಲು ತಟ್ಟಿ, ಟೋಪಿ ತೆಗೆದು, "ಈ ಸಲ ಬರಬಹುದಾ?" ಎಂದು ಕೇಳಬೇಕು. ಮಾಂಸ ಪಾಲಾದಾಗ ಮೊದಲ ಪೊಟ್ಟಣ ಆ ಮನೆಗೆ ಹೋಗಬೇಕು. ಅರಕಲಗೂಡು ಕಡೆಯ ಅವರ ಊರಿನಲ್ಲಿ ಹಂದಿ ಹೊಡೆದರೆ ಆ ಹೊಲದವನಿಗೆ ಮೊದಲ ಪಾಲಂತೆ. ಬಿಳಿ ಕಾಗದದಲ್ಲಿ ಸುತ್ತಿ, ಮೇಲೆ ಮಾರ್ಕರಿನಿಂದ ದಪ್ಪಗೆ ಕನ್ನಡದಲ್ಲಿ 'ನೆಲದ ಪಾಲು' ಎಂದು ಬರೆಯುತ್ತಿದ್ದರು.

"ಅವರಿಗೆ ಇದು ಓದಕ್ಕೆ ಬರತ್ತಾ ಅಂಕಲ್?" ಎಂದು ನಾನೊಮ್ಮೆ ಕೇಳಿದೆ.

"ಅವನು ಒಂದು ದಿನಾನೂ ಕೇಳಲಿಲ್ಲ, ನಾನು ಹೇಳಲಿಲ್ಲ. ಕೊಡೋದು ಕೊಡ್ತೀನಿ, ತಗೊಳೋದು ತಗೋತಾನೆ," ಎಂದರು.

ಇಪ್ಪತ್ತಾರನೆಯ ವರ್ಷ ಊರಿನವರ ಗಾಡಿಗಳನ್ನೆಲ್ಲ ಸರಿಮಾಡುವವರ ಗಾಡಿಯೇ ಕೆಟ್ಟು ನಿಂತಿತು. ಅವರ ಹೆಂಡತಿ, ಆಂಟಿಯ ಮೋರೆ ನೋಡಿ ನಾನೇ ನಮ್ಮ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ರ‍್ಯಾಂಚಿನ ಮನೆಗೆ ಬೀಗ ಹಾಕಿತ್ತು. ಯಜಮಾನ ಹುಷಾರಿಲ್ಲದೆ ಆಸ್ಟಿನ್‌ನಲ್ಲಿ ಮಗನ ಮನೆ ಸೇರಿದ್ದ. ಬಾ ಎಂದು ಫೋನಿನಲ್ಲೇ ಹೇಳಿದ್ದ. ಆದರೂ ಅಂಕಲ್ ಮೆಟ್ಟಿಲು ಹತ್ತಿ, ಟೋಪಿ ತೆಗೆದು, ಬೀಗ ಹಾಕಿದ ಬಾಗಿಲನ್ನು ತಟ್ಟಿ, ಒಳಗಿನಿಂದ ಯಾರೋ ಬರುತ್ತಾರೇನೋ ಎನ್ನುವಷ್ಟು ಹೊತ್ತು ನಿಂತರು. ನನಗೆ ನಗು ಬಂತು. ಮಧ್ಯಾಹ್ನದ ಹೊತ್ತಿಗೆ ಆ ನಗು ಎಲ್ಲಿ ಹೋಯಿತೋ.

ಬೆಳಿಗ್ಗೆ ಒಂಬತ್ತರ ಸುಮಾರಿಗೆ, ವ್ಯಾನಿನಲ್ಲಿ ಕೂತಿದ್ದ ನನಗೆ ಒಂದೇ ಒಂದು ಈಡು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಂಕಲ್ ನನ್ನನ್ನು ಕರೆದು ಮೋಟು ಬೆರಳು ಚಾಚಿದರು. ಏಟು ಬಿದ್ದ ಜಿಂಕೆ ತಂತಿಬೇಲಿ ಹಾರಿ, ಪಕ್ಕದವರ ನೆಲದಲ್ಲಿ ನಲವತ್ತು ಹೆಜ್ಜೆ ಓಡಿ ಸತ್ತುಬಿದ್ದಿತ್ತು.

"ಸುತ್ತಮುತ್ತ ಯಾರೂ ಇಲ್ಲ ಅಂಕಲ್, ಎರಡು ನಿಮಿಷದ ಕೆಲಸ," ಎಂದೆ.

"ಅದು ಇನ್ನೊಬ್ಬರ ನೆಲ ಕಣಮ್ಮ," ಎಂದರು. "ಅವರ ಮನೆ ಬೇಲಿಗುಂಟ ಎರಡು ಮೈಲಿ ಆಗತ್ತೆ. ಕೇಳ್ಕೊಂಡು ಬರ್ತೀನಿ. ಹದ್ದು ಇಳಿದ್ರೆ ಜೋರಾಗಿ ಚಪ್ಪಾಳೆ ತಟ್ಟು."

ಹುಟ್ಟಿದಾಗಿನಿಂದ ಮಾಂಸದ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ನಡೆದ ನಾನು, ಸತ್ತ ಜಿಂಕೆಯೊಂದಕ್ಕೆ ಕಾವಲು ನಿಂತು ಒಂದೂವರೆ ಗಂಟೆ ಚಪ್ಪಾಳೆ ತಟ್ಟಿದೆ. ಕೊನೆಗೆ ಅಂಕಲ್ ಪಕ್ಕದ ನೆಲದವನ ಪಿಕಪ್ಪಿನಲ್ಲಿ ಬಂದರು. "ಇಷ್ಟಕ್ಕೆ ನಡೆದು ಬರಬೇಕಿತ್ತಾ?" ಎಂದು ಆತ ತಲೆಯಾಡಿಸುತ್ತಿದ್ದ. ಅಂಕಲ್ ಜಿಂಕೆಯ ಮುಂದೆ ಮಂಡಿಯೂರಿ, ಅದರ ಹಣೆಯ ಮೇಲೆ ಕೈಯಿಟ್ಟು ಕೂತರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಕೊಲ್ಲುವವರಿಗೆ ಇಷ್ಟು ನಯವಿರಬಹುದೆಂದು ನಾನು ಅಲ್ಲಿಯವರೆಗೆ ಎಣಿಸಿರಲಿಲ್ಲ.

ಆ ಸಲದ ಪೊಟ್ಟಣ ಯಜಮಾನನಿಗೆ ತಲುಪಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಆತ ತೀರಿಕೊಂಡ. ಬೇಸಿಗೆಯಲ್ಲಿ ಮಕ್ಕಳು ರ‍್ಯಾಂಚನ್ನು ಒಂದು ಕಂಪನಿಗೆ ಮಾರಿದರು. ಕಂಪನಿ ಅದನ್ನು ದೊಡ್ಡ ದೊಡ್ಡ ಆಫೀಸಿನವರ ಗುಂಪುಗಳಿಗೆ ಬೇಟೆಗೆಂದು ಬಾಡಿಗೆಗೆ ಕೊಡತೊಡಗಿತು. ಆ ಬಾಡಿಗೆ ಅಂಕಲ್‌ರಂಥವರ ಕೈಗೆ ಎಟುಕುವಂಥದ್ದಲ್ಲ. ಸರ್ಕಾರದ ನೆಲದಲ್ಲಿ ಬೇಟೆಗೆ ಚೀಟಿ ಎತ್ತುತ್ತಾರೆಂದು ಅರ್ಜಿ ಹಾಕಿದರು; ಹೆಸರು ಬರಲಿಲ್ಲ. ಆದರೆ ಅವರನ್ನು ಕೊರೆಯುತ್ತಿದ್ದದ್ದು ಬೇರೆಯೇ. "ಯಾರನ್ನ ಕೇಳಲಮ್ಮ? ತಟ್ಟೋಣ ಅಂದ್ರೆ ಬಾಗಿಲೇ ಇಲ್ಲ. ಬರೀ ವೆಬ್‌ಸೈಟು," ಎನ್ನುತ್ತಿದ್ದರು.

ನಾನು ಕಡುಜಾಣೆ ಎಂದುಕೊಂಡು ಒಂದು ಕೆಲಸ ಮಾಡಿದೆ. ನನ್ನ ಮ್ಯಾನೇಜರ್ ಆ ಬಾಡಿಗೆ ಗುಂಪಿನಲ್ಲೊಬ್ಬ. ಪಕ್ಕದ ಮನೆಯವರಿಗೆ ಒಮ್ಮೆ ಆ ಜಾಗ ನೋಡುವ ಆಸೆಯಂತೆ ಎಂದು ಪುಸಲಾಯಿಸಿ, ಗೇಟಿನ ಬೀಗದ ನಾಲ್ಕು ಅಂಕಿಗಳನ್ನು ಇಸಿದುಕೊಂಡೆ. ನಾವು ಇಂಥ ಸಣ್ಣಪುಟ್ಟದ್ದನ್ನೆಲ್ಲ 'ಅಡ್ಜಸ್ಟ್ ಮಾಡೋದು' ಎನ್ನುತ್ತೇವಲ್ಲ, ಹಾಗೆ. ನವೆಂಬರಿನ ಒಂದು ಬುಧವಾರ, ಗುಂಪಿನವರು ಯಾರೂ ಇರದ ದಿನ, "ಸುಮ್ಮನೆ ಬಂದೂಕು ತಗೊಂಡು ಬನ್ನಿ," ಎಂದು ಅವರನ್ನು ಹೊರಡಿಸಿದೆ.

ಹೊಸ ಕಬ್ಬಿಣದ ಗೇಟಿನ ಮುಂದೆ ನಿಂತು ಗುಟ್ಟು ಹೊರಹಾಕಿದೆ. "ಕೋಡ್ ನನ್ನ ಹತ್ರ ಇದೆ ಅಂಕಲ್. ಒತ್ತಲಾ?"

ಅವರು ಗೇಟಿನಾಚೆ ನೋಡಿದರು. ಇಪ್ಪತ್ತಾರು ವರ್ಷ ನಡೆದ ಕಾಲುದಾರಿ ಹುಲ್ಲಿನ ನಡುವೆ ಇನ್ನೂ ಕಾಣುತ್ತಿತ್ತು. ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಒಪ್ಪಿಬಿಡುತ್ತಾರೆ ಎಂದುಕೊಂಡೆ.

"ಅದು ಬೀಗ ತೆಗೆಯತ್ತೆ ಕಣಮ್ಮ," ಎಂದರು ಮೆಲ್ಲಗೆ. "ಬಾ ಅನ್ನಲ್ಲ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಅವರು ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಆಮೇಲೆ ಅವರು ಮಾಡಿದ್ದನ್ನು ನೆನೆದರೆ ಇವತ್ತಿಗೂ ಬೆರಗಾಗುತ್ತದೆ. ಗೇಟಿನ ಪಕ್ಕದ ಬೇಲಿಯಲ್ಲಿ ಒಂದು ತಂತಿ ಕಿತ್ತು ಜೋತುಬಿದ್ದಿತ್ತು. ವ್ಯಾನಿನಿಂದ ತಮ್ಮ ಟೂಲ್‌ಬಾಕ್ಸ್ ಇಳಿಸಿಕೊಂಡು ಬಂದರು. ಹೊರಗೆ, ರಸ್ತೆಯ ಬದಿಯಲ್ಲೇ ನಿಂತು, ಒಂದು ಹೆಜ್ಜೆಯನ್ನೂ ಒಳಗಿಡದೆ, ತಮ್ಮನ್ನು ಹೊರಗಿಟ್ಟ ಆ ಬೇಲಿಯನ್ನು ಎಳೆದು ಬಿಗಿದರು.

"ದನ ರೋಡಿಗೆ ಬಂದ್ರೆ ಲಾರಿಗೆ ಸಿಗ್ತವೆ," ಎಂದಷ್ಟೇ ಹೇಳಿ ಟೂಲ್‌ಬಾಕ್ಸ್ ಮುಚ್ಚಿದರು. ಆಮೇಲೆ ಅವರು ಬೇಟೆಗೆ ಹೋಗಲೇ ಇಲ್ಲ.

ಹೋದ ಮಾರ್ಚಿನಲ್ಲಿ ಅಂಕಲ್ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಆಂಟಿ ಗ್ಯಾರೇಜಿನ ಫ್ರೀಜರಿನ ತಳದಿಂದ ಒಂದು ಬಿಳಿ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. "ತಿನ್ನಕ್ಕೂ ಬಿಡಲಿಲ್ಲ, ಎಸೆಯಕ್ಕೂ ಬಿಡಲಿಲ್ಲ. ನನ್ನದಲ್ಲ ಅಂತಿದ್ರು. ನೀನೇ ಏನಾದ್ರೂ ಮಾಡು," ಎಂದರು.

ಮೊಟ್ಟೆಯೂ ಬಾರದ ನನ್ನ ಮನೆಯ ಫ್ರೀಜರಿನಲ್ಲಿ, ತೆಂಗಿನತುರಿಯ ಪಕ್ಕ, ಅದು ಎರಡು ವಾರ ಇತ್ತು. ಆಮೇಲೆ ಆಸ್ಟಿನ್‌ಗೆ ಕೆಲಸದ ಮೇಲೆ ಹೋಗಬೇಕಾಯಿತು. ಆಂಟಿಯ ಹಳೆಯ ಡೈರಿಯಿಂದ ಯಜಮಾನನ ಮಗನ ವಿಳಾಸ ತೆಗೆದುಕೊಂಡು, ಪೊಟ್ಟಣವನ್ನು ಐಸ್‌ಬಾಕ್ಸಿನಲ್ಲಿಟ್ಟು ಹೊರಟೆ. ಬಾಗಿಲು ತಟ್ಟಿದೆ. ತೆಗೆದುಹಾಕಲು ತಲೆಯ ಮೇಲೆ ಟೋಪಿ ಇರಲಿಲ್ಲ. ಕಪ್ಪು ಕನ್ನಡಕವನ್ನಾದರೂ ತೆಗೆದೆ.

ಬಾಗಿಲು ತೆರೆದವನಿಗೆ ಐವತ್ತು ದಾಟಿತ್ತು. "ನಿಮ್ಮ ತಂದೆಗೆ ಸೇರಬೇಕಾದದ್ದು, ತಡವಾಗಿದೆ," ಎಂದು ಪೊಟ್ಟಣ ಕೊಟ್ಟೆ. ಅವನು ಅದನ್ನು ತಿರುಗಿಸಿದ. ಅಕ್ಷರಗಳ ಮೇಲೆ ಕಣ್ಣು ನಿಂತಿತು.

"ಇದು ಗೊತ್ತು ನನಗೆ," ಎಂದ. "ಪ್ರತಿ ವರ್ಷ ಅಪ್ಪನ ಫ್ರೀಜರಿನಲ್ಲಿ ಇದೇ ಬರಹ ಇರುತ್ತಿತ್ತು. ನಾವು ಕೇಳಿದರೆ, 'ನನ್ನ ಹೆಸರು ಇರಬೇಕು' ಅನ್ನುತ್ತಿದ್ದ. ಏನು ಬರೆದಿದೆ ಇದರಲ್ಲಿ?"

ಹೇಳಿದೆ. ಅವನು ಆ ತಣ್ಣನೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಒಳಗೆ ಬನ್ನಿ," ಎಂದ.