ನನ್ನ ಹೆಸರಿನ ಮುಂದಿನ ಹೆಬ್ಬೆಟ್ಟು

ಪರದೇಶದ ಸಾಹೇಬರು ಬಂದು ಹೋದದ್ದರಿಂದ ನಮ್ಮ ಕೇರಿಗೆ ಒಂದು ಕೊಡ ನೀರೂ ಸಿಗಲಿಲ್ಲ. ಅವರ ದೇಶದ ನೆರವಿನಲ್ಲಿ ಕೇರಿಗೆಂದು ಬಂದ ಬೋರಿಂಗು ಗೌಡರ ಬಾಗಿಲಲ್ಲಿ ಕೂತಿದೆ. ಜಾಗವನ್ನು ಊರ ಜನರೇ ಕೂಡಿ ಆರಿಸಬೇಕು ಎಂಬುದು ಅವರ ಕಟ್ಟಳೆಯಂತೆ. ಆರಿಸಿದವರಲ್ಲಿ ನಾನೂ ಒಬ್ಬಳು ಎಂಬುದು ದೂರು ಹೇಳಲೆಂದು ಬಸ್ಸು ಹತ್ತಿ, ಅವರು ಇಳಿದುಕೊಂಡಿದ್ದ ಮಾನ್ವಿಯ ಬಂಗಲೆಗೆ ಹೋದಾಗಲೇ ನನಗೆ ತಿಳಿದದ್ದು.

ಸಾಹೇಬರು ಜಾಗಕ್ಕೆ ಒಪ್ಪಿದವರ ಹೆಸರಿದ್ದ ಕಾಗದವನ್ನು ಮೇಜಿನ ಮೇಲೆ ಹರಡಿದರು. ನನ್ನ ಹೆಸರಿನ ಮುಂದೆ ಹೆಬ್ಬೆಟ್ಟಿತ್ತು. ನಾನು ವಯಸ್ಕರ ಶಾಲೆಯಲ್ಲಿ ಸಹಿ ಕಲಿತು ಆರು ವರ್ಷವಾಗಿದೆ. ಕೇರಿಯ ಮುದುಕಿಗೆ ಸಹಿ ಎಲ್ಲಿಂದ ಬರಬೇಕು ಎಂದುಕೊಂಡು ಯಾರೋ ತಮ್ಮ ಬೆರಳನ್ನೇ ಒತ್ತಿದ್ದರು.

"ಇದು ನಂದಲ್ರೀ. ನನ್ನ ಯಾರೂ ಕೇಳಿಲ್ಲ. ಆ ಬೋರಿಂಗು ಮುಟ್ಟಾಕ ನಮ್ಮನ್ನ ಬಿಡಂಗಿಲ್ಲ ಅಂತ ಹೇಳ್ರಿ ಅವರಿಗೆ," ಎಂದೆ.

ಇಂಗ್ಲಿಷಿನಲ್ಲಿ ಹೇಳಲು ಬಂದಿದ್ದ ನಮ್ಮೂರ ಮಾಸ್ತರರು ಎರಡೇ ಮಾತಿನಲ್ಲಿ ಮುಗಿಸಿದರು. ಸಾಹೇಬರು ನಗುತ್ತ ನನಗೆ ಕೈ ಮುಗಿದರು.

"ಏನಂದ್ರಿ ಮಾಸ್ತರ?"

"ನೀರು ಸಿಹಿ ಅದ ಅಂದೆ ಯವ್ವಾ. ನೀನೂ ನಾನೂ ಅದೇ ಊರಾಗ ಬಾಳಬೇಕಲ್ಲ?"

"ಸಿಹಿನೋ ಉಪ್ಪೋ ನನಗೇನು ಗೊತ್ತ್ರೀ? ಒಂದು ಗುಟುಕೂ ಕುಡದಿಲ್ಲ ನಾ."

ಸಿಟ್ಟಿಗೆ ಸಾಹೇಬರ ಪೆನ್ನು ಎಳೆದುಕೊಂಡು, ಆ ಹೆಬ್ಬೆಟ್ಟಿನ ಪಕ್ಕದಲ್ಲೇ ಸಹಿ ಮಾಡಿ ತೋರಿಸಿದೆ. ಅವರು ಚಪ್ಪಾಳೆ ತಟ್ಟಿ ಫೋಟೋ ಹೊಡೆದುಕೊಂಡರು. ಕಾಗದ ಮಡಚಿ ಚೀಲಕ್ಕೆ ಹಾಕಿದಾಗ ನನಗೆ ಹೊಳೆಯಿತು: ಅಲ್ಲಿಯವರೆಗೆ ಸುಳ್ಳಾಗಿದ್ದ ಒಪ್ಪಿಗೆಯನ್ನು ನಾನೇ ಖರೆ ಮಾಡಿ ಕೊಟ್ಟಿದ್ದೆ.

ಮರುದಿನ ಬೆಳಿಗ್ಗೆ ಕೊಡ ಹೊತ್ತು, ಗೌಡರ ಬಾಗಿಲ ಮುಂದೆಯೇ ಹಾದು ಹಳ್ಳಕ್ಕೆ ಹೋಗಿ, ಉಸುಕು ತೋಡಿ ನೀರು ತಂದೆ.