ಶಂಭುವಿನ ಬಿಸಿನೀರು

ಸಿದ್ಧಕಟ್ಟೆಯ ಶಂಭುವಿಗೆ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಅದರಲ್ಲೂ ಬಂಟ್ವಾಳದ ಮೊಯ್ದೀನನ ಹೆಸರೆತ್ತಿದರೆ ಮೈಯೆಲ್ಲ ಉರಿ. ಇಬ್ಬರೂ ಕೇರಳದ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಕಡಲ ಮರಳನ್ನು ಆಸಿಡ್ಡಿನಲ್ಲಿ ಬೇಯಿಸಿ ಅಪರೂಪದ ಲೋಹಗಳ ಪುಡಿ ತೆಗೆಯುವ ಜಾಗ ಅದು. ಶಂಭು ಬೇಯಿಸುವ ಶೆಡ್ಡಿನಲ್ಲಿ ಹೊಗೆ ಕುಡಿದು ಕೆಮ್ಮುತ್ತಿದ್ದ. ಬೆಂದದ್ದನ್ನು ಕರಗಿಸಿ ಸೋಸುವ ಪಕ್ಕದ ಶೆಡ್ಡು ಮೊಯ್ದೀನನದು. ಅಲ್ಲಿಗೆ ದಿನಾ ಮಂಜುಗಡ್ಡೆ ಬರುತ್ತಿತ್ತು. ನಮಗೆ ಹೊಗೆ, ಅವರಿಗೆ ಶರಬತ್ತು ಎಂದು ಶಂಭು ಹಲ್ಲು ಕಡಿಯುತ್ತಿದ್ದ. ಒಳಗೆ ಹೋಗಿ ನೋಡಿದವನಲ್ಲ, ಕೇಳಿದವನೂ ಅಲ್ಲ. ಕೇಳಿದರೆ ಮಹಾರಾಯನ ಮರ್ಯಾದೆ ಹೋಗುತ್ತದಲ್ಲ!

ಅರುವತ್ತೆರಡನೇ ಇಸವಿಯ ಸುಮಾರಿಗೆ ಮೇಸ್ತ್ರಿಯ ಜೊತೆ ಜಗಳ ಕಾದು, ಟ್ರಂಕಿನ ತಳದಲ್ಲಿ ಒಂದಿಷ್ಟು ಮರಳು ಬಚ್ಚಿಟ್ಟುಕೊಂಡು ಊರಿಗೆ ಬಂದ. ಮೊಯ್ದೀನ್ ಅಷ್ಟರಲ್ಲಿ ಬಂಟ್ವಾಳ ಪೇಟೆಯಲ್ಲಿ ಗ್ಯಾಸ್‌ಲೈಟಿನ ಅಂಗಡಿ ಇಟ್ಟಿದ್ದ. ದೀಪದೊಳಗೆ ಬೆಳಗುವ ಬಲೆಚೀಲಕ್ಕೆ, ಅಂದರೆ ಮ್ಯಾಂಟಲಿಗೆ, ಬೇಕಾದದ್ದೂ ಅಂಥದೇ ಪುಡಿ. ಮರಳಿನಿಂದ ಅದನ್ನು ತೆಗೆದು ತೋರಿಸಿದರೆ ಪಾಲುದಾರನನ್ನಾಗಿ ಮಾಡಿಕೊಳ್ಳುತ್ತೇನೆಂದು ಶಂಭುವಿಗೆ ಹೇಳಿಕಳಿಸಿದ. ಅಕ್ಕ ರಾಜೀವಿಯ ಮನೆಯ ಅನ್ನ ತಿಂದು ಬಿದ್ದಿದ್ದ ಶಂಭುವಿಗೆ ತಲೆಯೆತ್ತಿ ನಿಲ್ಲಲು ಇದ್ದ ದಾರಿ ಅದೊಂದೇ.

ಬಚ್ಚಲ ಒಲೆಯ ಮೇಲೆ, ಕಬ್ಬಿಣದ ಬಾಣಲೆಯಲ್ಲಿ, ಪೇಟೆಯಿಂದ ತಂದ ಆಸಿಡ್ಡಿನಲ್ಲಿ ಮರಳು ಬೆಂದು ಬೂದು ಮುದ್ದೆಯಾಯಿತು. ರಾಜೀವಿ ಬಾವಿಯಿಂದ ಒಂದು ಕೊಡಪಾನ ನೀರು ಸೇದಿ ತಂದಳು.

"ತಣ್ಣೀರಾ? ಬೆಲ್ಲ ಕರಗುವುದೂ ಬಿಸಿನೀರಿಗೆ. ನೀನು ನನಗೆ ಕಲಿಸ್ಲಿಕ್ಕೆ ಬರ್ಬೇಡ" ಎಂದು ಶಂಭು ಗದರಿದ. ಹಂಡೆಯಿಂದ ಕುದಿನೀರು ತೋಡಿ, ಮುದ್ದೆಯನ್ನು ಅದಕ್ಕೆ ಹಾಕಿ ಕಲಸಿದ. ಬಟ್ಟೆಯಲ್ಲಿ ಸೋಸಿ, ಇಳಿದ ನೀರನ್ನು ಉಪ್ಪಿನಕಾಯಿ ಭರಣಿಗೆ ತುಂಬಿಸಿಟ್ಟ.

ಮೊಯ್ದೀನ್ ಬಂದವನು ಆ ನೀರಿಗೆ ತಾನು ತಂದಿದ್ದ ಹರಳು ಹಾಕಿ ನೋಡಿದ. ಬಿಳಿ ಪುಡಿ ತಳಕ್ಕೆ ಇಳಿಯಬೇಕಿತ್ತು. ಏನೂ ಇಳಿಯಲಿಲ್ಲ.

"ಬಿಸಿನೀರು ಹಾಕಿದ್ಯಾ ಮಾರಾಯ? ಇದು ತಂಪಿಗೇ ಕರಗುದು. ನಮ್ಮ ಶೆಡ್ಡಿಗೆ ಮಂಜುಗಡ್ಡೆ ಯಾಕೆ ಬರ್ತಿತ್ತು ಅಂತ ಗ್ರಹಿಸಿದ್ದಿ?" ಮೊಯ್ದೀನ್ ಬಟ್ಟೆಯಲ್ಲಿ ಉಳಿದ ಗಸಿಯನ್ನು ತೋರಿಸಿದ. "ಎಲ್ಲ ಇದರಲ್ಲೇ ಉಂಟು. ತಣ್ಣೀರು ಹಾಕುವ, ಈಗಲೂ ಬರ್ತದೆ."

ರಾಜೀವಿಯ ಕೊಡಪಾನ ಅಲ್ಲೇ ಇತ್ತು. ಮೊಯ್ದೀನ್ ನಗಲಿಲ್ಲ. ನಕ್ಕಿದ್ದರೆ ಶಂಭುವಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಬಟ್ಟೆಯನ್ನು ಎತ್ತಿಕೊಂಡು ಹೊರಗೆ ಹೋದವನೇ ಅಕ್ಕನ ಬಸಳೆಯ ಬುಡಕ್ಕೆ ಕೊಡವಿದ.

"ನಿನ್ನ ಉಪಕಾರ ನನಗೆ ಬೇಡ" ಎಂದ.

ಗಸಿಯಲ್ಲಿದ್ದ ಆಸಿಡ್ಡಿಗೆ ಬಸಳೆ ಬುಡಸಹಿತ ಸುಟ್ಟುಹೋಯಿತು. ಶಂಭು ಸಾಯುವವರೆಗೂ ಅಕ್ಕನ ಮನೆಯಲ್ಲೇ ಉಂಡ. ಬೋಳು ಚಪ್ಪರ ತೋರಿಸಿ, "ಆ ಮೊಯ್ದೀನ್ ಬಂದು ಹಾಳು ಮಾಡಿದ್ದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ರಾಜೀವಿ ಅವನ ಎಲೆಯ ಪಕ್ಕದಲ್ಲಿ ತಣ್ಣೀರಿನ ಚೆಂಬು ಇಡುತ್ತಿದ್ದಳು.